ಕಾಯುವುದೇ ಕಾಯಕ

ಐವತ್ತೆಂಟನೆಯ ವಯಸ್ಸಿನಲ್ಲಿ ನಮ್ಮ ಸೋದರಮಾವನಿಗೆ ಬಡ್ತಿ ಸಿಕ್ಕಿತು. ಡ್ರೈವರ್ ಆಗಿದ್ದವರು ಕ್ಯಾಪ್ಟನ್ ಆದರು. ಹಡಗಿಲ್ಲ, ವಿಮಾನವಿಲ್ಲ, ಹನ್ನೊಂದು ಜನರ ತಂಡವಿಲ್ಲ; ಇರುವುದು ಮೂವತ್ತೆರಡು ಅಡಿಯ ಒಂದು ಕಂಟೇನರ್ ಲಾರಿ. ಆದರೂ ಹೊಸ ಕಂಪನಿ ಕೊಟ್ಟ ನೀಲಿ ಟೀ ಶರ್ಟಿನ ಬೆನ್ನ ಮೇಲೆ ‘ಕ್ಯಾಪ್ಟನ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಮಾವ ಅದನ್ನು ತೊಟ್ಟು ಗೊಟ್ಟಿಗೆರೆಯ ನಮ್ಮ ಬೀದಿಯಲ್ಲಿ ಹಾಲು ತರಲು ಹೋಗಿಬಂದರು. ನಾಲ್ಕು ಜನ ನೋಡಿದರು. ಅತ್ತೆ ಮಾತ್ರ ಬರಹ ನೋಡಲಿಲ್ಲ, ಬಟ್ಟೆ ಬಣ್ಣ ಬಿಡುತ್ತದೆಯೇ ಎಂದು ನೋಡಿದರು. ಬಿಟ್ಟಿತು.

ಮಾವ ಇಪ್ಪತ್ತೆಂಟು ವರ್ಷ ಲಾರಿ ಓಡಿಸಿ 2016ರಲ್ಲಿ ಕೆಳಗಿಳಿದವರು. ಇಳಿದರು ಎನ್ನುವುದಕ್ಕಿಂತ ಇಳಿಸಿದರು ಎನ್ನಬೇಕು. ಆಗಿನ ಓನರು ಇದ್ದ ಎರಡು ಲಾರಿ ಮಾರಿ ಸೈಟು ಕೊಂಡರು. ಆ ಕಾಲದಲ್ಲಿ ಬನ್ನೇರುಘಟ್ಟ ರಸ್ತೆಯ ಆಸುಪಾಸಿನಲ್ಲಿ ಯಾರ ಬಳಿ ಏನಿದ್ದರೂ ಮಾರಿ ಸೈಟು ಕೊಳ್ಳುತ್ತಿದ್ದರು. ಸೈಟೇ ಇದ್ದವರು ಅದನ್ನು ಮಾರಿ ಇನ್ನೊಂದು ಸೈಟು ಕೊಳ್ಳುತ್ತಿದ್ದರು. ಮಾವನ ಬಳಿ ಮಾರಲು ಇದ್ದದ್ದು ಹೆವಿ ಲೈಸೆನ್ಸ್ ಒಂದೇ. ಅದನ್ನು ಟ್ರಂಕಿನಲ್ಲಿಟ್ಟು ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿಯಾದರು. ಇಪ್ಪತ್ತೆಂಟು ವರ್ಷ ಕಾರ್ಖಾನೆ ಗೇಟುಗಳ ಹೊರಗೆ ಕಾದಿದ್ದವರು ಮೊದಲ ಬಾರಿಗೆ ಗೇಟಿನ ಒಳಗೆ ಕೂತರು. ಕೂತವರು ಹಳೆಯ ಬಾಕಿಯನ್ನೆಲ್ಲ ಬಡ್ಡಿ ಸಮೇತ ವಸೂಲಿ ಮಾಡಿದರು. ಪಾರ್ಸೆಲ್ ತರುವ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸಿ, ‘ಯಾವ ಫ್ಲಾಟು? ಟೈಮ್ ಬರಿ. ಪೆನ್ನಿಲ್ವಾ? ಪೆನ್ನು ತಗೊಂಡು ಬಾ’ ಎಂದು ಅವರು ಹೇಳುವ ವೈಖರಿಯನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಸೊಸೆಯ ಕಾಲದಲ್ಲಿ ಕಂಡದ್ದನ್ನು ಅತ್ತೆಯಾದ ಮೇಲೆ ತೀರಿಸಿಕೊಳ್ಳುವುದು ಹೆಂಗಸರ ಗುಣವೆಂದು ಬರೆದ ಕಥೆಗಾರರೆಲ್ಲ ಒಮ್ಮೆ ಈ ಗೇಟಿಗೆ ಬಂದು ಹೋಗಬೇಕಿತ್ತು.

ಆಮೇಲೆ ಅಪಾರ್ಟ್‌ಮೆಂಟಿನವರು ತಾನಾಗಿ ಏಳುವ ಬೀಳುವ ಕಂಬ ಹಾಕಿಸಿದರು. ಅದು ಕಾರಿನ ಗಾಜಿನ ಮೇಲಿನ ಸ್ಟಿಕ್ಕರ್ ಓದುತ್ತದೆ, ಪೆನ್ನು ಕೇಳುವುದಿಲ್ಲ. ಮಾವ ಮನೆಗೆ ಬಂದರು. ಬಂದವರು ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ನೆಂಟರು ಫೋನ್ ಮಾಡಿ ‘ಅವರೇನು ಮಾಡ್ತಿದ್ದಾರೆ’ ಎಂದು ಕೇಳಿದರೆ ಅತ್ತೆಯದು ಒಂದೇ ಉತ್ತರ: ‘ಸುಮ್ನೆ ಕೂತಿದ್ದಾರೆ.’ ಈ ‘ಸುಮ್ನೆ’ ಎಂಬ ಪದ ಬಲು ಹರಿತವಾದದ್ದು. ಅದರ ಏಟಿಗೆ ಮಾವ ಒಂದು ಬೆಳಗ್ಗೆ ಟ್ರಂಕು ತೆರೆದು ಲೈಸೆನ್ಸ್ ಹೊರತೆಗೆದರು. ಕಣ್ಣಿನ ಪರೀಕ್ಷೆ, ಮೆಡಿಕಲ್ ಸರ್ಟಿಫಿಕೇಟು, ಆರ್‌ಟಿಓ ಕಚೇರಿ ಎಲ್ಲ ದಾಟಿ, 2025ರ ಆಯುಧಪೂಜೆ ಮುಗಿದ ವಾರ ಹೊಸ ಕಂಪನಿಯ ಗಾಜಿನ ಬಾಗಿಲು ತಳ್ಳಿದರು. ಅದು ಎಳೆಯುವ ಬಾಗಿಲಾಗಿತ್ತು.

ಹಿಂದೆ ಲಾರಿ ಕೆಲಸಕ್ಕೆ ಸಂದರ್ಶನವೆಂಬುದು ಇರಲಿಲ್ಲ. ಓನರು ಕೀ ಎಸೆದು ‘ಒಂದು ರೌಂಡ್ ಹೊಡ್ಕೊಂಡು ಬಾ’ ಎನ್ನುತ್ತಿದ್ದರು. ಗಾಡಿ, ಡ್ರೈವರ್ ಎರಡೂ ವಾಪಸು ಬಂದರೆ ಕೆಲಸ ಗಟ್ಟಿ. ಇಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡ ಹುಡುಗಿಯೊಬ್ಬಳು ಕೂತಿದ್ದಳು.

‘ಸರ್, ಒಂಬತ್ತು ವರ್ಷ ಗ್ಯಾಪ್ ಇದೆಯಲ್ಲ?’

‘ಗ್ಯಾಪ್ ಇಟ್ಟಿದ್ದಕ್ಕೇ ಬದುಕಿದೀನಿ ತಾಯಿ. ಮುಂದಿನ ಗಾಡಿಗೂ ನಮಗೂ ಗ್ಯಾಪ್ ಇರಬೇಕು.’

ಹುಡುಗಿ ಏನನ್ನೋ ಟೈಪ್ ಮಾಡಿಕೊಂಡಳು. ಮಾವ ಎಂಟನೇ ಕ್ಲಾಸಿನ ಸರ್ಟಿಫಿಕೇಟು ಮುಂದಿಟ್ಟರು. ಅದು ಈಗ ಬೇಡ ಸರ್, ಸರ್ಕಾರ 2019ರಲ್ಲೇ ಆ ನಿಯಮ ತೆಗೆದುಹಾಕಿದೆ ಎಂದಳು. ಮಾವನಿಗೆ ಸಂತೋಷವಾಯಿತು. ಆದರೆ ಆ್ಯಪಿಗೆ ಲಾಗಿನ್ ಆಗಬೇಕು, ಪಾಸ್‌ವರ್ಡಿನಲ್ಲಿ ಒಂದು ದೊಡ್ಡ ಅಕ್ಷರ, ಒಂದು ಅಂಕಿ, ಒಂದು ಚಿಹ್ನೆ ಇರಬೇಕು, ದಿನಾ ಸೆಲ್ಫಿ ಹಾಕಬೇಕು, ಪಾಡ್ ಅಪ್‌ಲೋಡ್ ಮಾಡಬೇಕು ಎಂದಳು. ‘ಪಾಡ್’ ಎಂದರೆ ಸರಕು ಮುಟ್ಟಿತೆಂಬ ರಸೀದಿ ಎಂದು ಗೊತ್ತಾಗುವವರೆಗೆ ಮಾವ ಅದನ್ನು ತಮ್ಮ ಪಾಡು ಎಂದೇ ತಿಳಿದಿದ್ದರು. ಎಂಟನೇ ಕ್ಲಾಸು ಬೇಡವೆಂದು ತೆಗೆದವರು ಅದರ ಜಾಗದಲ್ಲಿ ಏನಿಟ್ಟರು ಎಂದು ಅವತ್ತು ತಿಳಿಯಿತು.

ಕ್ಯಾಪ್ಟನ್ ಎಂಬ ಹೆಸರಿನ ಗುಟ್ಟೂ ಅಲ್ಲೇ ಬಿಚ್ಚಿಕೊಂಡಿತು. ಡ್ರೈವರ್ ಎಂದರೆ ಸಂಬಳ, ಬಾಟಾ, ರಜೆ, ಪಿಎಫ್ ಎಂದೆಲ್ಲ ಕೇಳುತ್ತಾನೆ. ಕ್ಯಾಪ್ಟನ್ ಹಾಗೆಲ್ಲ ಕೇಳಿದರೆ ಘನತೆಗೆ ಕುಂದು. ಕ್ಯಾಪ್ಟನ್‌ಗೆ ‘ಇನ್ಸೆಂಟಿವ್’ ಇರುತ್ತದೆ, ‘ಸ್ಕೋರ್’ ಇರುತ್ತದೆ. ನಮ್ಮ ದೇಶದಲ್ಲಿ ದುಡ್ಡು ಕೊಡಲಾಗದ ಕಡೆ ಬಿರುದು ಕೊಡುವ ಪದ್ಧತಿ ಅರಸರ ಕಾಲದಿಂದಲೂ ಇದೆ. ಹತ್ತು ವರ್ಷದ ಕೆಳಗೆ ರಿವಿಗೋ ಎಂಬ ಕಂಪನಿ ಡ್ರೈವರುಗಳನ್ನು ‘ಪೈಲಟ್’ ಎಂದು ಕರೆದಿತ್ತು. ಪಾಪ, ಅದು ಬಿರುದಿನ ಜೊತೆಗೆ ಒಂದು ಒಳ್ಳೆಯ ಉಪಾಯವನ್ನೂ ತಂದಿತ್ತು. ನಾಲ್ಕೈದು ಗಂಟೆ ಓಡಿಸಿ ಲಾರಿಯನ್ನು ಇನ್ನೊಬ್ಬನ ಕೈಗೆ ಕೊಡು, ವಾಪಸು ಹೋಗುವ ಲಾರಿ ಹತ್ತಿ ರಾತ್ರಿ ಮನೆಯಲ್ಲಿ ಮಲಗು. ಆ ಕಂಪನಿಯ ಸರಕು ಸಾಗಣೆಯ ವ್ಯವಹಾರ 2022ರಲ್ಲಿ ಬೇರೆಯವರ ಕೈಗೆ ಮಾರಾಟವಾಯಿತು. ಉಪಾಯ ದುಬಾರಿಯೆಂದು ಉಳಿದ ಕಂಪನಿಗಳು ಅದನ್ನು ಅಲ್ಲೇ ಬಿಟ್ಟವು. ಬಿರುದಿಗೆ ಖರ್ಚಿರಲಿಲ್ಲ, ಎತ್ತಿಕೊಂಡು ಬಂದವು.

ಎರಡು ದಿನ ತರಬೇತಿ. ಮೊದಲ ಪಾಠ ದಾರಿಯದು. ಮುಂಬೈ ಬಳಿಯ ಭಿವಂಡಿಗೆ ಹೇಗೆ ಹೋಗುತ್ತೀರಿ ಎಂದು ಕೇಳಿದ್ದಕ್ಕೆ ಮಾವ ನಿದ್ದೆಗಣ್ಣಿನಲ್ಲೂ ಹೇಳಬಲ್ಲ ಉತ್ತರ ಹೇಳಿದರು: ‘ನಾಲ್ಕನೇ ನಂಬರಲ್ಲಿ. ತುಮಕೂರು, ದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ನಿಪ್ಪಾಣಿ, ಕೊಲ್ಲಾಪುರ, ಪುಣೆ.’ ತರಬೇತಿ ಕೊಡುವ ಹುಡುಗ ನಕ್ಕ. ಹೆದ್ದಾರಿಗಳ ನಂಬರು 2010ರಲ್ಲೇ ಬದಲಾಗಿದೆ. ಬೋರ್ಡು ಬದಲಾದರೂ ಹಳೆಯ ಡ್ರೈವರುಗಳ ಬಾಯಿ ಬದಲಾಗಿರಲಿಲ್ಲ. ಹಳೆಯ 4 ಈಗ 48. ಹಳೆಯ 48, ಅಂದರೆ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುತ್ತಿದ್ದದ್ದು, ಈಗ 75. ಹೊಸೂರಿನ 7 ಈಗ 44. ಹಾಗಾದರೆ ನಮ್ಮ 4 ಎಲ್ಲಿ ಹೋಯಿತು? ಅಂಡಮಾನಿಗೆ. ನಿಜವಾಗಿಯೂ ಈಗಿನ ರಾಷ್ಟ್ರೀಯ ಹೆದ್ದಾರಿ 4 ಇರುವುದು ಅಂಡಮಾನಿನಲ್ಲಿ. ‘ಇಪ್ಪತ್ತೆಂಟು ವರ್ಷ ತುಳಿದ ರಸ್ತೆಗೆ ಕರಿನೀರಿನ ಶಿಕ್ಷೆ ಕೊಟ್ಟಿದ್ದಾರೆ ಅಳಿಯಾ’ ಎಂದು ಮಾವ ಮನೆಗೆ ಬಂದು ನೊಂದುಕೊಂಡರು.

ಎರಡನೆಯ ಪಾಠ ತೂಕದ್ದು. 2018ರಲ್ಲಿ ಕೇಂದ್ರ ಸರ್ಕಾರ ಲಾರಿಗಳು ಹೊರಬಹುದಾದ ಭಾರವನ್ನು ಶೇ 20ರಿಂದ 25ರಷ್ಟು ಏರಿಸಿತು. ಮಾವ ಕೈಯೆತ್ತಿ ಒಂದು ಪ್ರಶ್ನೆ ಕೇಳಿದರಂತೆ: ‘ಅಷ್ಟೇ ತೂಕಕ್ಕೆ ನಾವು ಓವರ್‌ಲೋಡು ಅಂತ ದಂಡ ಕಟ್ಟಿದ್ವಲ್ಲ ಸಾರ್, ಅದು ವಾಪಸ್ ಬರುತ್ತಾ?’ ಹುಡುಗ ಮುಂದಿನ ಸ್ಲೈಡಿಗೆ ಹೋದ.

ಮುಂದಿನ ಸ್ಲೈಡು ಕಾನೂನಿನದು. ಹೊಸ ನ್ಯಾಯ ಸಂಹಿತೆಯ 106(2)ನೇ ವಿಧಿಯ ಪ್ರಕಾರ ಅಜಾಗರೂಕತೆಯಿಂದ ಯಾರ ಪ್ರಾಣವನ್ನಾದರೂ ತೆಗೆದು, ಪೊಲೀಸರಿಗೆ ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಜೈಲು. 2024ರ ಜನವರಿಯ ಮೊದಲ ದಿನಗಳಲ್ಲಿ ದೇಶದ ಹಲವು ಕಡೆ ಲಾರಿಗಳು ನಿಂತದ್ದು ಇದಕ್ಕೇ. ಸಂಹಿತೆ ಆ ವರ್ಷ ಜುಲೈ 1ರಂದು ಜಾರಿಗೆ ಬಂತು, ಈ ಒಂದು ಉಪವಿಧಿಯನ್ನು ಮಾತ್ರ ಪಕ್ಕಕ್ಕೆ ನಿಲ್ಲಿಸಿದರು. ‘ಅಂದ್ರೆ ಕಾನೂನೇ ಹಾಲ್ಟಿಂಗಲ್ಲಿದೆ ಅನ್ನಿ’ ಎಂದರು ಮಾವ. ನಿಂತರೆ ಜನ ಬಿಡುವುದಿಲ್ಲ, ಓಡಿದರೆ ಸರ್ಕಾರ ಬಿಡುವುದಿಲ್ಲ. ಇವೆರಡರ ನಡುವೆ ಇರುವ ಜಾಗಕ್ಕೆ ಡ್ರೈವರ್ ಸೀಟು ಎಂದು ಹೆಸರು.

ಲಾರಿ ಹತ್ತಿದ ಮೇಲೆ ಮಾವನಿಗೆ ಮೊದಲು ಕಣ್ಣಿಗೆ ಬಿದ್ದದ್ದು ಖಾಲಿ ಜಾಗ. ಎಡಗಡೆ ಕ್ಲೀನರ್ ಇಲ್ಲ. ಕ್ಲೀನರ್ ಎಂದರೆ ಬರೀ ಗಾಜು ಒರೆಸುವ ಹುಡುಗನಲ್ಲ. ಟಾರ್ಪಾಲು ಕಟ್ಟುವವನು, ಸ್ಟೆಪ್ನಿ ಇಳಿಸುವವನು, ರಿವರ್ಸಿನಲ್ಲಿ ‘ಬರ್ಲಿ ಬರ್ಲಿ’ ಎಂದು ಹಿಂಭಾಗ ತಟ್ಟುವವನು, ಡ್ರೈವರ್ ಮಲಗಿದಾಗ ಡೀಸೆಲ್ ಟ್ಯಾಂಕು ಕಾಯುವವನು, ಎಲ್ಲಕ್ಕಿಂತ ಹೆಚ್ಚಾಗಿ ನಾಳೆಯ ಡ್ರೈವರು. ಮಾವನೂ ಐದು ವರ್ಷ ಕ್ಲೀನರ್ ಆಗಿ ಬೈಸಿಕೊಂಡೇ ಕಲಿತವರು. ಕಂಪನಿಗಳು ಒಬ್ಬೊಬ್ಬ ಕ್ಲೀನರನ ಸಂಬಳ ಉಳಿಸಿದವು. ಈಗ ದೊಡ್ಡ ಹೋಟೆಲುಗಳಲ್ಲಿ ಸಮ್ಮೇಳನ ನಡೆಸಿ ‘ದೇಶದಲ್ಲಿ ಡ್ರೈವರುಗಳೇ ಸಿಗುತ್ತಿಲ್ಲ’ ಎಂದು ಚಿಂತಿಸುತ್ತವೆ. ಬಿತ್ತನೆ ರಾಗಿಯನ್ನು ರೊಟ್ಟಿ ತಟ್ಟಿ ತಿಂದವರು ಮಳೆ ಬರಲಿಲ್ಲವೆಂದು ದೂರಿದ ಹಾಗೆ. 1976ರಲ್ಲಿ ಗದಗದಿಂದ ಒಂದೇ ಲಾರಿಯಲ್ಲಿ ಶುರು ಮಾಡಿದ ವಿಜಯ ಸಂಕೇಶ್ವರರ ಮೇಲೆ 2022ರಲ್ಲಿ ಸಿನಿಮಾನೇ ಬಂತು, ಮಾವ ನೋಡಿಕೊಂಡೂ ಬಂದರು. ಒಂದು ಲಾರಿಯಿಂದ ಸಾವಿರಾರು ಲಾರಿ ಆಗುವುದು ಕಥೆಯಾಗುತ್ತದೆ. ಒಂದು ಲಾರಿಯಲ್ಲಿದ್ದ ಇಬ್ಬರು ಒಬ್ಬರಾಗುವುದು ಬರೀ ಲೆಕ್ಕವಾಗುತ್ತದೆ.

ಕ್ಲೀನರ್ ಕೂರುತ್ತಿದ್ದ ಕಡೆಯಿಂದ ಈಗ ಒಂದು ಕ್ಯಾಮೆರಾ ನೋಡುತ್ತದೆ. ಕಣ್ಣು ಮುಚ್ಚಿದರೆ ಬೀಪ್, ಫೋನ್ ಹಿಡಿದರೆ ಬೀಪ್, ಆಕಳಿಸಿದರೆ ಬೀಪ್. ಮೊದಲ ಟ್ರಿಪ್ಪಿನಲ್ಲೇ ಮಾವನ ಸ್ಕೋರು ಪಾತಾಳಕ್ಕೆ ಹೋಯಿತು. ದಾವಣಗೆರೆಯಿಂದ ಹಾವೇರಿ ದಾಟುವಷ್ಟರಲ್ಲಿ ಇಪ್ಪತ್ತಮೂರು ಸಲ ಆಕಳಿಸಿದ್ದೀರಿ ಎಂದು ಕಂಟ್ರೋಲ್ ರೂಮಿನಿಂದ ಫೋನು. ವಿಚಾರಿಸಿದರೆ, ಮಾವ ಆಕಳಿಸಿರಲಿಲ್ಲ, ಹಾಡುತ್ತಿದ್ದರು. ರಾಜ್‌ಕುಮಾರ್ ಹಾಡುಗಳ ಆಲಾಪದ ಕಡೆ ಬಾಯಿ ತುಸು ಹೆಚ್ಚೇ ತೆರೆಯುತ್ತದೆ. ಯಂತ್ರಕ್ಕೆ ಆಲಾಪವೂ ಒಂದೇ, ಆಕಳಿಕೆಯೂ ಒಂದೇ. ರಾತ್ರಿ ನಿದ್ದೆ ಬಾರದಿರಲೆಂದು ಹಾಡಿದವನಿಗೆ ನಿದ್ದೆ ಬಂದಿದೆಯೆಂದು ದಂಡ ಬಿತ್ತು. ಅಂದಿನಿಂದ ಅವರು ಬಾಯಿ ಮುಚ್ಚಿಕೊಂಡು ಓಡಿಸುತ್ತಾರೆ, ಸ್ಕೋರು ಮೇಲೇರಿದೆ, ನಿದ್ದೆ ಮಾತ್ರ ನಿಜವಾಗಿ ಬರುತ್ತಿದೆ. ಕ್ಲೀನರ್ ಇದ್ದಿದ್ದರೆ ಆಕಳಿಸಿದಾಗ ‘ಅಣ್ಣ, ಟೀ ಕುಡಿಯೋಣ’ ಎನ್ನುತ್ತಿದ್ದ. ಕ್ಯಾಮೆರಾಗೆ ಆಕಳಿಕೆ ಎಣಿಸುವುದು ಗೊತ್ತು, ಟೀ ಹೇಳುವುದು ಗೊತ್ತಿಲ್ಲ.

ಭಿವಂಡಿಗೆ ಎಷ್ಟು ದಿನ ಎಂಬ ವಿಷಯದಲ್ಲಿ ಮೂರು ಮತಗಳಿವೆ. ದ್ವೈತ, ಅದ್ವೈತ, ವಿಶಿಷ್ಟಾದ್ವೈತದಂತೆ ಮೂರಕ್ಕೂ ಗ್ರಂಥಾಧಾರವಿದೆ. ಒಂದು, ಇ-ವೇ ಬಿಲ್ಲಿನ ಮತ. 2018ರ ಏಪ್ರಿಲ್ 1ರಿಂದ ಬಂದ ಈ ಚೀಟಿಗೆ ಆಯುಷ್ಯವಿದೆ, 200 ಕಿಲೋಮೀಟರಿಗೆ ಒಂದು ದಿನ. ಮೊದಲು 100 ಕಿಲೋಮೀಟರಿಗೆ ಒಂದು ದಿನವಿತ್ತು, 2021ರಿಂದ 200 ಮಾಡಿದರು. ಅದರ ಪ್ರಕಾರ ಸುಮಾರು ಸಾವಿರ ಕಿಲೋಮೀಟರ್ ದೂರದ ಭಿವಂಡಿಗೆ ಐದು ದಿನ. ಎರಡು, 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಮತ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ, ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿಶ್ರಾಂತಿ. ಗಂಟೆಗೆ ನಲವತ್ತರಂತೆ ಹೋದರೆ ಮೂರು ದಿನದ ಮೇಲೆ. ಮೂರನೆಯದು ಕಂಪನಿಯ ಮತ: ಮೂವತ್ತು ಗಂಟೆ, ಊಟ ತಿಂಡಿ ಸೇರಿ. ಮೂರರಲ್ಲಿ ಸತ್ಯಕ್ಕೆ ಹತ್ತಿರವಿರುವುದು ಚೀಟಿಯದೇ. ಸರ್ಕಾರಕ್ಕೆ ತಾನು ಮಾಡಿದ ರಸ್ತೆ ಎಂಥದೆಂದು ಒಳಗೊಳಗೇ ಗೊತ್ತಿದೆ, ಕಾಗದದಲ್ಲಿ ಬಾಯಿಬಿಟ್ಟಿದೆ.

1961ರ ಕಾಯ್ದೆಯ ಸೊಗಸನ್ನು ಇನ್ನೂ ಸ್ವಲ್ಪ ನೋಡಬೇಕು. ಐದು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗೆ ಮಾತ್ರ ಅದು ಅನ್ವಯವಾಗುತ್ತಿತ್ತು. ಮಾವನ ಹಳೆಯ ಓನರಿಗೆ ಇದ್ದದ್ದು ಎರಡು ಲಾರಿ, ಎರಡು ಡ್ರೈವರು, ಎರಡು ಕ್ಲೀನರು. ನಾಲ್ಕು ಜನ. ಹಾಗಾಗಿ ಇಪ್ಪತ್ತೆಂಟು ವರ್ಷವೂ ಮಾವನಿಗೆ ಕಾನೂನು ಪ್ರಕಾರ ನಿದ್ದೆ ಬರುವಂತಿರಲಿಲ್ಲ. ಈಗ ಸೇರಿದ ಕಂಪನಿಗೆ ನೂರಾರು ಜನರಿದ್ದಾರೆ, ಕಾಯ್ದೆ ಅನ್ವಯವಾಗಬೇಕಿತ್ತು. ಆದರೆ ಅಷ್ಟರಲ್ಲಿ, 2025ರ ನವೆಂಬರಿನಲ್ಲಿ, ಆ ಹಳೆಯ ಕಾಯ್ದೆಯನ್ನು ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿಬಿಟ್ಟರು. ಕಾಯ್ದೆಯೂ ಮಾವನಂತೆಯೇ ಅರವತ್ತರ ಆಸುಪಾಸಿನಲ್ಲಿ ಹೊಸ ಕಂಪನಿ ಸೇರಿದೆ. ಅದಕ್ಕೂ ಏನಾದರೂ ಟೀ ಶರ್ಟು ಕೊಟ್ಟಿರಬಹುದು.

ಮಾಮೂಲಿನ ಮಾತು ಬಿಡುವಂತಿಲ್ಲ. ಜಿಎಸ್‌ಟಿ ಬಂದ 2017ರಲ್ಲಿ ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟುಗಳು ಎದ್ದುಹೋದವು. 2021ರ ಫೆಬ್ರುವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಗಿ ಟೋಲಿನ ಚಿಲ್ಲರೆ ಜಗಳವೂ ಮುಗಿಯಿತು. ಇನ್ನು ಕೈಗೆ ಕೈ ತಾಗುವ ಪ್ರಸಂಗವೇ ಇಲ್ಲವೆಂದು ಮಾವ ನಂಬಿ ಹೊರಟರು. ಆದರೆ ಸೇವ್‌ಲೈಫ್ ಫೌಂಡೇಶನ್ 2020ರಲ್ಲಿ ಹೊರತಂದ ಅಧ್ಯಯನದ ಅಂದಾಜಿನಂತೆ ದೇಶದ ಲಾರಿಗಳಿಂದ ವರ್ಷಕ್ಕೆ ಕೈಬದಲಾಗುವ ಲಂಚ ಸುಮಾರು 48 ಸಾವಿರ ಕೋಟಿ ರೂಪಾಯಿ. ಅದೂ ಚೆಕ್‌ಪೋಸ್ಟು ಹೋದ ಮೇಲೆ. ಮರ ಕಡಿದರೂ ಹಕ್ಕಿಗಳಿಗೆ ಕೂರಲು ಕೊಂಬೆ ಸಿಕ್ಕಿದೆ. ಹಿಂದೆ ಅದಕ್ಕೆ ಓನರು ಟ್ರಿಪ್ ಶೀಟಿನಲ್ಲಿ ‘ದಾರಿ ಖರ್ಚು’ ಎಂದು ಬರೆದುಕೊಳ್ಳುತ್ತಿದ್ದರು. ಹೊಸ ಕಂಪನಿ ಪ್ರಾಮಾಣಿಕ ಕಂಪನಿ, ರಸೀದಿ ಇಲ್ಲದ ಯಾವ ಖರ್ಚನ್ನೂ ಒಪ್ಪುವುದಿಲ್ಲ. ಆದ್ದರಿಂದ ಲಂಚ ಈಗ ಕಂಪನಿಯ ಲೆಕ್ಕದಲ್ಲಿಲ್ಲ, ಕ್ಯಾಪ್ಟನ್‌ನ ಜೇಬಿನಲ್ಲಿದೆ. ಭ್ರಷ್ಟಾಚಾರ ತೊಲಗುವುದು ಎಂದರೆ ಇದೇ: ಲೆಕ್ಕದ ಪುಸ್ತಕದಿಂದ ತೊಲಗುತ್ತದೆ.

ತಿಂಗಳು ಮುಗಿದು ಮೊದಲ ಪೇಸ್ಲಿಪ್ ಮೊಬೈಲಿಗೆ ಬಂತು. ಮಾವ ಅದನ್ನು ನನ್ನ ಕೈಗಿತ್ತು ಒಂದು ಸಾಲಿನ ಮೇಲೆ ಬೆರಳಿಟ್ಟರು. ‘ಐಡಲ್ ಟೈಮ್’ ಎಂದಿತ್ತು. ಎದುರಿಗೆ ಗಂಟೆಗಳ ಲೆಕ್ಕ, ಅದರ ಎದುರಿಗೆ ಕಳೆಯುವ ಚಿಹ್ನೆ.

‘ಹಂಗಂದ್ರೆ ಏನಳಿಯಾ?’

‘ಸುಮ್ನೆ ಇರೋದು ಅಂತ ಮಾವ.’

ಮಾವ ಅಡುಗೆಮನೆಯ ಕಡೆ ತಿರುಗಿ, ‘ನೋಡೇ, ಕಂಪನಿಯೋರೂ ನಿನ್ನ ಮಾತೇ ಹೇಳವ್ರೆ’ ಎಂದರು. ಒಳಗಿನಿಂದ ಪಾತ್ರೆಯ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಆ ಸುಮ್ಮನಿರುವ ಹೊತ್ತುಗಳು ಎಲ್ಲೆಲ್ಲಿಯವು ಎಂದು ಕೂತು ಬಿಡಿಸಿದೆವು. ಭಿವಂಡಿಯ ಗೋದಾಮಿನ ಗೇಟಿನಲ್ಲಿ ಹದಿನಾಲ್ಕು ಗಂಟೆ. ವಾಪಸು ಲೋಡಿಗಾಗಿ ಒಂದೂವರೆ ದಿನ. ಹಮಾಲಿಗಳು ಊಟಕ್ಕೆ ಹೋದದ್ದು ಎರಡು ಗಂಟೆ. ಬೆಂಗಳೂರಿನೊಳಗೆ ಗಿಜಿಗುಡುವ ಹೊತ್ತಿನಲ್ಲಿ ಭಾರಿ ವಾಹನಕ್ಕೆ ಪ್ರವೇಶವಿಲ್ಲವೆಂದು ಊರಂಚಿನಲ್ಲಿ ನಿಂತದ್ದು ಉಳಿದದ್ದೆಲ್ಲ. ಇಷ್ಟು ಹೊತ್ತೂ ಮಾವ ಸೀಟು ಬಿಟ್ಟು ಕದಲಿರಲಿಲ್ಲ. ಕ್ಲೀನರ್ ಇಲ್ಲ, ಇಳಿದು ಹೋದರೆ ಬರುವಷ್ಟರಲ್ಲಿ ಡೀಸೆಲ್ಲೂ ಇಳಿದು ಹೋಗಿರುತ್ತದೆ. ಕನ್ನಡದಲ್ಲಿ ‘ಕಾಯುವುದು’ ಎಂಬ ಒಂದೇ ಪದ ಈ ಇಡೀ ಕೆಲಸವನ್ನು ಹೇಳಿಬಿಡುತ್ತದೆ. ಸ್ಲಾಟಿಗಾಗಿ ಕಾಯುವುದು, ಸರಕನ್ನು ಕಾಯುವುದು, ಕೊನೆಗೆ ಕ್ಯಾಬಿನ್ನಿನೊಳಗೆ ಹಂಚಿನಂತೆ ಕಾಯುವುದು. ಮೂರು ಕೆಲಸ ಏಕಕಾಲಕ್ಕೆ ಮಾಡುವವನನ್ನು ಇಂಗ್ಲಿಷಿನವರು ಐಡಲ್ ಎಂದಿದ್ದಾರೆ.

ಕ್ಯಾಬಿನ್ ಕಾಯುವುದೇಕೆ, ಎಸಿ ಇದೆಯಲ್ಲ ಎನ್ನಬಹುದು. ಇದೆ. ಹೊಸದಾಗಿ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವೆಂಬ ಕೇಂದ್ರದ ನಿಯಮ 2025ರಲ್ಲಿ ಜಾರಿಗೆ ಬಂತು. ಮಾವನದು ಹೊಸ ಲಾರಿ, ಎಸಿ ಲಾರಿ. ಮೊದಲ ದಿನ ಅತ್ತೆಯನ್ನು ಹತ್ತಿಸಿ ತಂಪು ಗಾಳಿ ಬಿಟ್ಟು ತೋರಿಸಿದ್ದರು. ಆದರೆ ಎಸಿ ಓಡಬೇಕಾದರೆ ಎಂಜಿನ್ ಓಡಬೇಕು. ನಿಂತ ಗಾಡಿಯ ಎಂಜಿನ್ ಓಡಿದರೆ ಆ್ಯಪಿನಲ್ಲಿ ಕೆಂಪು ದೀಪ, ಡೀಸೆಲ್ ವ್ಯರ್ಥವೆಂದು ಸ್ಕೋರು ಕಡಿತ. ಹಾಗಾಗಿ ಗಾಡಿ ಓಡುವಾಗ, ಕಿಟಕಿ ತೆಗೆದರೆ ಸಾಕೆನ್ನುವಷ್ಟು ಗಾಳಿ ಇದ್ದಾಗ, ಎಸಿ ಉಂಟು. ಬಿಸಿಲಲ್ಲಿ ಹನ್ನೊಂದು ಗಂಟೆ ನಿಂತಾಗ ಇಲ್ಲ. ಎಸಿ ಹಾಕಿಸಿದ್ದು ಕಾನೂನು, ಆರಿಸಿದ್ದು ಕಂಪನಿ. ಎರಡೂ ಡ್ರೈವರನ ಕ್ಷೇಮಕ್ಕಾಗಿಯೇ.

ಈ ಊರಿನಲ್ಲಿ ನಿಲ್ಲುವುದಕ್ಕೂ ಒಂದು ಅಂತಸ್ತು ಬೇಕು. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಲೀಟರಿಗೆ 2 ರೂಪಾಯಿ ಏರಿದ್ದಕ್ಕೆ ರಾಜ್ಯದ ಲಾರಿ ಮಾಲೀಕರು ಗಾಡಿ ನಿಲ್ಲಿಸಿದರು. ಸರ್ಕಾರ ಮಾತುಕತೆಗೆ ಕರೆಯಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಬ್ಲ್ಯಾಕ್‌ಬಕ್ ಎಂಬ ಕಂಪನಿಯ ಮುಖ್ಯಸ್ಥರು, ಬೆಳ್ಳಂದೂರಿನ ನಮ್ಮ ಕಚೇರಿ ಬಿಡುತ್ತೇವೆ, ಸಿಬ್ಬಂದಿ ಬಂದು ಸೇರಲು ಒಂದೂವರೆ ಗಂಟೆಗೂ ಹೆಚ್ಚು ಹಿಡಿಯುತ್ತದೆ, ರಸ್ತೆ ತುಂಬ ಗುಂಡಿ ಎಂದು ಬರೆದುಕೊಂಡರು. ಆಂಧ್ರದ ಮಂತ್ರಿ ವಿಶಾಖಪಟ್ಟಣಕ್ಕೆ ಬನ್ನಿ ಎಂದರು, ನಮ್ಮ ಉಪಮುಖ್ಯಮಂತ್ರಿ ಉತ್ತರ ಕೊಟ್ಟರು, ಗುಂಡಿ ಮುಚ್ಚಲು ಗಡುವು ಬಿತ್ತು. ಬ್ಲ್ಯಾಕ್‌ಬಕ್ ಏನು ಮಾಡುವ ಕಂಪನಿ ಗೊತ್ತೇ? ಲಾರಿಗಳಿಗೆ ಆ್ಯಪ್ ಒದಗಿಸುವ ಕಂಪನಿ. ಲಾರಿಯ ಆ್ಯಪು ಬರೆಯುವವರು ರಸ್ತೆಯಲ್ಲಿ ಒಂದೂವರೆ ಗಂಟೆ ಕಳೆದರೆ ಎರಡು ರಾಜ್ಯಗಳು ಎದ್ದು ಕೂತವು. ಲಾರಿಯವನು ಅದೇ ಊರಿನ ಅಂಚಿನಲ್ಲಿ ಹನ್ನೊಂದು ಗಂಟೆ ಕಳೆದರೆ ಒಂದು ಫೋನ್ ಬರುತ್ತದೆ: ‘ಯಾಕೆ ನಿಂತಿದ್ದೀರಿ?’

ಹಾಗೆ ನೋಡಿದರೆ ಗೊಟ್ಟಿಗೆರೆಯವರಿಗೆ ಕಾಯುವುದು ಹೊಸದಲ್ಲ. ನಾಗವಾರದಿಂದ ಗೊಟ್ಟಿಗೆರೆಗೆ ಮೆಟ್ರೊ ಎಂದು ನಕ್ಷೆಯಲ್ಲಿ ನಮ್ಮೂರಿನ ಹೆಸರು ನೋಡಿ ವರ್ಷಗಟ್ಟಲೆ ಧೂಳು ಕುಡಿದೆವು, ಕಂಬ ಎಣಿಸಿದೆವು. ರೈಲು ಬರುವ ಮೊದಲೇ ಕೊನೆಯ ನಿಲ್ದಾಣದ ಹೆಸರು ಕಾಳೇನ ಅಗ್ರಹಾರ ಆಯಿತು. ನಾಲ್ಕನೇ ನಂಬರು ಅಂಡಮಾನಿಗೆ ಹೋದ ಮೇಲೆ ನಮ್ಮ ಹೆಸರು ಪಕ್ಕದ ಊರಿಗೆ ದಾರಿ ಬಿಟ್ಟುಕೊಟ್ಟದ್ದೇನು ದೊಡ್ಡದಲ್ಲ. ಇನ್ನು ಇದೇ ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಪ್ರತಿ ಮಂಗಳವಾರ ರಜೆ. ಹುಲಿ, ಸಿಂಹ, ಕರಡಿಗಳು ವಾರಕ್ಕೊಂದು ದಿನ ಯಾವ ಕ್ಯಾಮೆರಾಗೂ ಮುಖ ತೋರಿಸಬೇಕಿಲ್ಲ, ಎಷ್ಟು ಬೇಕಾದರೂ ಆಕಳಿಸಬಹುದು. ‘ನಿಮ್ಮಾವನ್ನ ಅಲ್ಲಿಗಾದ್ರೂ ಸೇರಿಸಬಾರದಿತ್ತಾ’ ಎಂದು ಅತ್ತೆ ಒಮ್ಮೆ ನನ್ನನ್ನೇ ಕೇಳಿದ್ದರು.

ಮೂರನೇ ಟ್ರಿಪ್ಪಿನ ವಾಪಸಿನಲ್ಲಿ ಸರಕು ಇಳಿಯಬೇಕಾದದ್ದು ಜಿಗಣಿಯ ಗೋದಾಮಿನಲ್ಲಿ. ತುಮಕೂರು ರಸ್ತೆಯಿಂದ ನೈಸ್ ರಸ್ತೆ ಹಿಡಿದು ಬಂದ ಮಾವ ಬೆಳಗ್ಗೆ ಹನ್ನೊಂದಕ್ಕೆ ಗೊಟ್ಟಿಗೆರೆಯ ಬಳಿ ಇಳಿದರು. ಆ್ಯಪು ಹೇಳಿತು: ಗೋದಾಮಿನಲ್ಲಿ ಜಾಗವಿಲ್ಲ, ನಿಮ್ಮ ಸ್ಲಾಟ್ ರಾತ್ರಿ 10ಕ್ಕೆ. ಮಾವ ಬದಿಗೆ ಹಾಕಿ ನಿಲ್ಲಿಸಿದರು. ಅಲ್ಲಿಂದ ಅವರ ಮನೆ ಎಂಟುನೂರು ಮೀಟರ್. ತಾರಸಿಯ ನೀರಿನ ಟ್ಯಾಂಕು ಕ್ಯಾಬಿನ್ನಿನಿಂದ ಕಾಣುತ್ತದೆ. ಆದರೆ ಲಾರಿಯನ್ನು ಆ ಕಡೆ ತಿರುಗಿಸಿದರೆ ದಾರಿ ತಪ್ಪಿದೆಯೆಂದು ಸೈರನ್ನು, ಲಾರಿ ಬಿಟ್ಟು ಇಳಿದು ನಡೆದರೆ ಸೀಟಿನಲ್ಲಿ ಕ್ಯಾಪ್ಟನ್ ಇಲ್ಲವೆಂದು ಸೈರನ್ನು. ಎರಡು ಸಾವಿರ ಕಿಲೋಮೀಟರ್ ಸಲೀಸಾಗಿ ಓಡಿಸಿದವರಿಗೆ ಈ ಎಂಟುನೂರು ಮೀಟರ್ ದಾಟಲಾಗಲಿಲ್ಲ. ಸಮುದ್ರ ಹಾರಿದ ಹನುಮಂತ ಮನೆಯ ಹೊಸ್ತಿಲಲ್ಲಿ ಎಡವಿದ ಹಾಗೆ ಕೂತಿದ್ದರು.

ರಾತ್ರಿ ಒಂಬತ್ತೂವರೆಗೆ ಅತ್ತೆ ಮುದ್ದೆ, ಹುರುಳಿಕಾಳಿನ ಬಸ್ಸಾರು ಕ್ಯಾರಿಯರಿಗೆ ಹಾಕಿಕೊಂಡು ಹೊರಟರು. ಟಾರ್ಚು ಹಿಡಿದು ನಾನೂ ಹೋದೆ. ಮಾವನ ಟೀ ಶರ್ಟು ಬೆವರಿಗೆ ಮತ್ತೆ ಬಣ್ಣ ಬಿಟ್ಟಿತ್ತು, ಕತ್ತಿನ ಸುತ್ತ ನೀಲಿ. ವಿಷ ಕುಡಿದ ಶಿವನನ್ನು ಕಂಡಂತಾಯಿತು. ಅತ್ತೆ ಮೊದಲ ಬಾರಿಗೆ ಆ ಲಾರಿಯನ್ನು ಎಸಿ ಇಲ್ಲದೆ ಹತ್ತಿದರು. ಬಾನೆಟ್ಟಿನ ಪಕ್ಕದ ತಗಡು ಮುಟ್ಟಿ ಚಟ್ಟನೆ ಕೈ ಹಿಂತೆಗೆದರು. ಬೆಳಗ್ಗೆಯಿಂದ ಎಷ್ಟೊತ್ತಾಯಿತು ಎಂದು ಬೆರಳು ಮಡಿಸಿ ಎಣಿಸಿದರು. ಏನೂ ಮಾತಾಡಲಿಲ್ಲ. ತಟ್ಟೆಗೆ ಮುದ್ದೆ ಇಟ್ಟರು.

ಮಾವ ಮೊದಲ ತುತ್ತು ಮುರಿಯುವಷ್ಟರಲ್ಲಿ ಕಂಪನಿಯ ಫೋನು ಬಡಿದುಕೊಂಡಿತು. ಕೈ ಎಂಜಲು. ಅತ್ತೆ ಎತ್ತಿ ಸ್ಪೀಕರಿಗೆ ಹಾಕಿದರು.

‘ಕ್ಯಾಪ್ಟನ್, ವಾಹನ ಹತ್ತೂವರೆ ಗಂಟೆಯಿಂದ ಐಡಲ್ ತೋರಿಸ್ತಿದೆ. ಯಾಕೆ ಸುಮ್ನೆ ನಿಂತಿದ್ದೀರಿ?’

‘ಸುಮ್ನೆ ನಿಂತಿಲ್ಲಮ್ಮ’ ಎಂದರು ಅತ್ತೆ. ‘ಕಾಯ್ತಾ ಅವ್ರೆ.’

ಮಾವ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಹೆಂಡತಿಯ ಮುಖ ನೋಡಿದರು. ಮದುವೆಯಾಗಿ ಮೂವತ್ತು ವರ್ಷದಲ್ಲಿ ಅವರಿಗೆ ಸಿಕ್ಕ ನಿಜವಾದ ಬಡ್ತಿ ಅದು.

ಆ ಕಡೆ ಕೀಬೋರ್ಡಿನ ಸದ್ದು. ‘ಮೇಡಂ, ಕಾಯೋದು ಅಂತ ಆಪ್ಷನ್ ಇಲ್ಲ ನಮ್ಮಲ್ಲಿ. ಲೋಡಿಂಗ್, ಅನ್‌ಲೋಡಿಂಗ್, ಬ್ರೇಕ್‌ಡೌನ್, ಆಕ್ಸಿಡೆಂಟ್ ಇದೆ. ಯಾವುದು ಹಾಕ್ಲಿ?’

‘ಊಟ ಅಂತ ಇಲ್ವಾ?’

‘ಇಲ್ಲ ಮೇಡಂ. ಬೇಕಾದ್ರೆ ಅದರ್ಸ್ ಅಂತ ಹಾಕ್ತೀನಿ. ಅದಕ್ಕೆ ಬಾಟಾ ಬರಲ್ಲ.’

‘ಆಕ್ಸಿಡೆಂಟ್‌ಗೆ ಬರುತ್ತಾ?’

ಕೀಬೋರ್ಡು ಸುಮ್ಮನಾಯಿತು. ‘ಒಂದು ನಿಮಿಷ ಲೈನಲ್ಲಿರಿ, ಸೀನಿಯರ್ ಹತ್ರ ಕೇಳ್ತೀನಿ’ ಎಂದಿತು ಧ್ವನಿ. ವೀಣೆಯ ಸಂಗೀತ ಶುರುವಾಯಿತು. ಕಾಯಿಸುವವರ ಬಳಿ ಅದಕ್ಕೊಂದು ಸಂಗೀತವೇ ಇರುತ್ತದೆ. ನಾವು ಮೂವರೂ ವೀಣೆ ಕೇಳುತ್ತ ಕೂತೆವು. ಮಾವ ಊಟ ಮುಗಿಸಿದರು, ಕೈ ತೊಳೆದರು, ಎಲೆಅಡಿಕೆಯನ್ನೂ ಹಾಕಿಕೊಂಡರು. ಎಂಟು ನಿಮಿಷ ಕಳೆದ ಮೇಲೆ ಕರೆ ತಾನಾಗಿಯೇ ಕಡಿದುಹೋಯಿತು. ಪರದೆಯ ಮೇಲೆ ಅಷ್ಟು ಹೊತ್ತೂ ಕರೆಯ ಹಿಂದೆ ಅಡಗಿದ್ದ ಎರಡು ಸಂದೇಶಗಳು ಕಾಣಿಸಿದವು. ಮೊದಲನೆಯದು: ‘ನಿಮ್ಮ ಸ್ಲಾಟ್ ಸಿದ್ಧವಿದೆ. 5 ನಿಮಿಷದೊಳಗೆ ರೆಡಿ ಒತ್ತಿ.’ ಎರಡನೆಯದು: ‘ಸ್ಲಾಟ್ ರದ್ದಾಗಿದೆ. ಮುಂದಿನ ಸ್ಲಾಟ್ ನಾಳೆ ರಾತ್ರಿ 10ಕ್ಕೆ.’

ಮಾವ ಓದಿದರು. ಫೋನನ್ನು ಡ್ಯಾಶ್‌ಬೋರ್ಡಿನ ಮೇಲೆ, ನಿಂಬೆಹಣ್ಣಿನ ಪಕ್ಕದಲ್ಲಿ ಮೆಲ್ಲಗೆ ಇಟ್ಟರು. ಕ್ಯಾಮೆರಾದ ಕಡೆ ತಿರುಗಿ, ಬಾಯಿ ಪೂರ್ತಿ ತೆರೆದು, ನಿಧಾನವಾಗಿ ಆಕಳಿಸಿದರು. ಬೀಪ್ ಎಂದಿತು.

‘ನಾಳೆ ಬಸ್ಸಾರು ಬೇಡ ಕಣೇ’ ಎಂದರು ಅತ್ತೆಗೆ. ‘ಉಪ್ಸಾರು ಮಾಡು.’